ಗೃಹಪ್ರವೇಶದ ಫೋಲ್ಡರಿನಲ್ಲಿ ಕಾಳಿ

2020ರ ನವೆಂಬರಿನಲ್ಲಿ ದೊಡ್ಡಗದ್ದವಳ್ಳಿಯ ಕಾಳಿ ವಿಗ್ರಹ ಭಗ್ನವಾಗಿದೆ ಎಂಬ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ನನ್ನದೇ ಒಂದು ಫೋಟೊ. ಹಾಸನದಿಂದ ಬೇಲೂರಿನ ಕಡೆಗೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿದರೆ ಕೆರೆಯ ಪಕ್ಕದಲ್ಲಿ ಆ ಲಕ್ಷ್ಮೀದೇವಿ ದೇವಾಲಯ ಸಿಗುತ್ತದೆ. ಹನ್ನೆರಡನೆಯ ಶತಮಾನದ ಆರಂಭದ ಗುಡಿ, ನಾಲ್ಕು ಗರ್ಭಗೃಹಗಳು. ಅವುಗಳಲ್ಲಿ ಒಂದು ಕಾಳಿಯದು, ಅದರ ಮುಂದೆ ಎಲುಬು ಕಾಣುವ ಬೇತಾಳಗಳು. ವಿಗ್ರಹ ಇಡಿಯಾಗಿದ್ದಾಗ ನಾನು ಅದರ ಚಿತ್ರ ತೆಗೆದಿದ್ದೆ. ಅದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

ಸಿಗಲು ಮೂರು ಸಂಜೆ ಹಿಡಿಯಿತು. ‘ದೊಡ್ಡಗದ್ದವಳ್ಳಿ’ ಎಂಬ ಫೋಲ್ಡರ್ ಇತ್ತು. ಅದರಲ್ಲಿ ಶಿಖರಗಳಿದ್ದವು, ಕೆರೆ ಇತ್ತು, ಕಾಳಿ ಇರಲಿಲ್ಲ. ‘ಹೊಯ್ಸಳ’ದೊಳಗೆ ‘ಹೊಯ್ಸಳ ಹಳೆಯದು’, ಅದರೊಳಗೆ ‘ಪೆನ್‌ಡ್ರೈವಿನಿಂದ’, ಅದರೊಳಗೆ ‘ನ್ಯೂ ಫೋಲ್ಡರ್ (3)’. ತೆಗೆದ ದಿನಾಂಕದ ಮೇಲೆ ಹುಡುಕಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಕಾಳಿ ಕಂಡದ್ದು ‘ಅಕ್ಕನ ಮನೆ ಗೃಹಪ್ರವೇಶ’ ಎಂಬ ಫೋಲ್ಡರಿನಲ್ಲಿ, ಹೋಳಿಗೆ ಬಡಿಸುತ್ತಿರುವ ಬಾವನ ಚಿತ್ರದ ಬೆನ್ನಿಗೇ. ಬೇಲೂರಿನ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಹಾಸನಕ್ಕೆ ಮರಳುವಾಗ ದಾರಿಯಲ್ಲಿ ಇಳಿದು ತೆಗೆದ ಚಿತ್ರ ಅದು. ಕ್ಯಾಮೆರಾದ ಕಾರ್ಡ್ ಒಂದೇ, ಆದ್ದರಿಂದ ಫೋಲ್ಡರೂ ಒಂದೇ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ.

ತಪ್ಪು ನನ್ನ ಸೋಮಾರಿತನದ್ದು ಎಂದೇ ಆಗ ಅಂದುಕೊಂಡೆ. ಒಂದಿಷ್ಟು ಪಾಲು ಅದರದ್ದೂ ಹೌದು. ಆದರೆ ಮೂಲ ತೊಂದರೆ ಫೋಲ್ಡರ್ ಎಂಬ ಏರ್ಪಾಟಿನಲ್ಲೇ ಇದೆ. ಒಂದು ಫೈಲು ಒಂದು ಹೊತ್ತಿಗೆ ಒಂದೇ ಫೋಲ್ಡರಿನಲ್ಲಿರುತ್ತದೆ. ಫೋಟೊವನ್ನು ನಾವು ಹುಡುಕುವ ದಾರಿಗಳು ಮಾತ್ರ ಹತ್ತಾರು: ಯಾವಾಗ ತೆಗೆದದ್ದು, ಎಲ್ಲಿ ತೆಗೆದದ್ದು, ಯಾರಿದ್ದಾರೆ, ಯಾವ ಶಿಲ್ಪ, ಅಚ್ಚು ಹಾಕಿಸಬಹುದಾದಷ್ಟು ಚೆನ್ನಾಗಿದೆಯೇ. ಬೇಲೂರಿನ ಮದನಿಕೆಯ ಮುಂದೆ ಅಮ್ಮ ನಿಂತಿರುವ ಚಿತ್ರವನ್ನು ‘ಬೇಲೂರು’ ಫೋಲ್ಡರಿಗೆ ಹಾಕಬೇಕೇ, ‘ಅಮ್ಮ’ ಫೋಲ್ಡರಿಗೋ, ‘ಮದನಿಕೆ’ಗೋ? ಮೂರಕ್ಕೂ ನಕಲು ಮಾಡಿ ಹಾಕುವವರಿದ್ದಾರೆ. ಆರು ತಿಂಗಳ ಮೇಲೆ ಒಂದನ್ನು ಕತ್ತರಿಸಿ ಬೆಳಕು ಸರಿಮಾಡುತ್ತಾರೆ, ಉಳಿದೆರಡು ಹಳೆಯದಾಗಿಯೇ ಉಳಿಯುತ್ತವೆ. ಯಾವುದು ಅಸಲಿ ಎಂದು ಆಮೇಲೆ ಅವರಿಗೇ ತಿಳಿಯುವುದಿಲ್ಲ.

ಫೋಟೊಗಳನ್ನು ನಿರ್ವಹಿಸುವ ತಂತ್ರಾಂಶ ಇಲ್ಲಿ ಮಾಡುವ ಕೆಲಸವನ್ನು ನಮ್ಮ ಕಡೆಯವರಿಗೆ ಪಹಣಿಯ ಉದಾಹರಣೆ ಕೊಟ್ಟು ಹೇಳಿದರೆ ಬೇಗ ಅರ್ಥವಾಗುತ್ತದೆ. ಜಮೀನು ತನ್ನ ಸರ್ವೆ ನಂಬರಿನಲ್ಲಿ ಬಿದ್ದಿರುತ್ತದೆ. ಖಾತೆದಾರ ಯಾರು, ಏನು ಬೆಳೆದಿದ್ದಾರೆ, ನೀರು ಕೆರೆಯದೋ ಬಾವಿಯದೋ ಎಂಬುದೆಲ್ಲ ಪಹಣಿಯಲ್ಲಿರುತ್ತದೆ. ಹೋಬಳಿಯಲ್ಲಿ ಎಷ್ಟು ಎಕರೆ ಆಲೂಗಡ್ಡೆ ಹಾಕಿದ್ದಾರೆ ಎಂದು ತಿಳಿಯಲು ಆಲೂಗಡ್ಡೆ ಹೊಲಗಳನ್ನೆಲ್ಲ ಒಂದು ಕಡೆಗೆ ಸಾಗಿಸಬೇಕಾಗಿಲ್ಲ. ದಾಖಲೆ ತಿರುವಿದರೆ ಸಾಕು. ಫೋಟೊ ತಂತ್ರಾಂಶವೂ ಹಾಗೆಯೇ. ಚಿತ್ರಗಳು ಇದ್ದ ಫೋಲ್ಡರಿನಲ್ಲೇ ಇರುತ್ತವೆ, ಅವುಗಳ ಬಗೆಗಿನ ವಿವರ ಒಂದು ಡೇಟಾಬೇಸಿನಲ್ಲಿ ಕೂರುತ್ತದೆ. ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ: ಕಂಪ್ಯೂಟರಿನಲ್ಲಿ ಜಮೀನು ಎದ್ದು ಬೇರೆ ಊರಿಗೆ ನಡೆದುಹೋಗಬಲ್ಲದು. ಆ ಮಾತಿಗೆ ಆಮೇಲೆ ಬರುತ್ತೇನೆ.

ತಂತ್ರಾಂಶಗಳಲ್ಲೂ ಎರಡು ಜಾತಿ. 1996ರಿಂದ ಇರುವ ಇರ್ಫಾನ್‌ವ್ಯೂ, ಫಾಸ್ಟ್‌ಸ್ಟೋನ್‌ನಂಥವು ಮೂಲತಃ ನೋಡುಗಗಳು. ಫೋಲ್ಡರ್ ತೆರೆದರೆ ಅದರಲ್ಲಿ ಇರುವುದನ್ನು ತೋರಿಸುತ್ತವೆ. ದಾಖಲೆ ಇಟ್ಟುಕೊಳ್ಳುವ ಉಸಾಬರಿ ಅವಕ್ಕಿಲ್ಲ. ಡಿಜಿಕ್ಯಾಮ್, ಲೈಟ್‌ರೂಮ್‌ನಂಥವು ಪಹಣಿ ಬರೆಯುವ ಜಾತಿ. ಎಕ್ಸ್‌ಎನ್‌ವ್ಯೂ ಎಂಪಿ ಎರಡರ ನಡುವೆ ನಿಲ್ಲುತ್ತದೆ. ಹತ್ತಿಪ್ಪತ್ತು ಫೋಲ್ಡರಿನವರಿಗೆ ಮೊದಲ ಜಾತಿಯೇ ಸಾಕು, ಅದು ಚುರುಕೂ ಹೌದು. ನನ್ನಂತೆ ಹದಿನೈದು ವರ್ಷದ ಗುಡಿ, ಮದುವೆ, ಕಾಫಿ ಹೂವು, ಮಕ್ಕಳ ಶಾಲಾ ವಾರ್ಷಿಕೋತ್ಸವ ಎಲ್ಲವನ್ನೂ ಗುಡ್ಡೆ ಹಾಕಿಕೊಂಡವರಿಗೆ ಎರಡನೆಯದು ಬೇಕು. ನಾನು ಬಳಸುವುದು ಡಿಜಿಕ್ಯಾಮ್. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೊದಲ ವಾರ ಅದರ ಮೆನುಗಳು ತಲೆ ತಿನ್ನುತ್ತವೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮೊದಲು ಕಲಿಯಬೇಕಾದ ಗುಂಡಿ ಒಂದೇ. ತಾಯಿ ಫೋಲ್ಡರನ್ನು ಒತ್ತಿದಾಗ ಅದರ ಒಳಗಿನ, ಒಳಗಿನೊಳಗಿನ ಫೋಲ್ಡರುಗಳ ಚಿತ್ರಗಳನ್ನೆಲ್ಲ ಒಂದೇ ಹರವಿನಲ್ಲಿ ತೋರಿಸು ಎನ್ನುವ ಆಯ್ಕೆ. ಡಿಜಿಕ್ಯಾಮ್‌ನ ವ್ಯೂ ಮೆನುವಿನಲ್ಲಿ ‘ಇನ್‌ಕ್ಲೂಡ್ ಆಲ್ಬಮ್ ಸಬ್-ಟ್ರೀ’ ಎಂಬುದು ಇದೇ. ಬೇರೆ ತಂತ್ರಾಂಶಗಳಲ್ಲಿ ಬೇರೆ ಹೆಸರಿರಬಹುದು. ಇದನ್ನು ಒತ್ತಿದ ಕ್ಷಣ ಫೋಲ್ಡರುಗಳ ಗೋಡೆಗಳು ಕಣ್ಣಿಂದ ಮರೆಯಾಗುತ್ತವೆ. ಯಾವ ಫೈಲೂ ಜಾಗ ಬಿಟ್ಟು ಕದಲಿರುವುದಿಲ್ಲ, ಆದರೆ ‘ನ್ಯೂ ಫೋಲ್ಡರ್ (3)’ರ ಆಳದಲ್ಲಿದ್ದದ್ದೂ ಅಂಗಳಕ್ಕೆ ಬಂದಿರುತ್ತದೆ. ಆ ಮೂರು ಸಂಜೆ ನನಗೆ ಇದೊಂದು ತಿಳಿದಿದ್ದರೆ ಅರ್ಧ ಗಂಟೆಯ ಕೆಲಸವಾಗಿತ್ತು.

ನಲವತ್ತು ಸಾವಿರ ಚಿತ್ರಗಳನ್ನು ಹರವಿದರೆ ಕಂಪ್ಯೂಟರ್ ಕುಸಿದು ಕೂರುವುದಿಲ್ಲವೇ? ಲೆಕ್ಕ ಹಾಕಿ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಚಿತ್ರದಲ್ಲಿ ಅಡ್ಡ 6000, ಉದ್ದ 4000 ಚುಕ್ಕಿಗಳು. ಒಂದೊಂದು ಚುಕ್ಕಿಗೆ ಕೆಂಪು, ಹಸಿರು, ನೀಲಿಯ ಮೂರು ಬೈಟ್. ಡಿಸ್ಕಿನಲ್ಲಿ ಜೆಪೆಗ್ ಆಗಿ ಮುದುಡಿಕೊಂಡು ಎಂಟು ಹತ್ತು ಎಂಬಿ ಇದ್ದರೂ, ಬಿಡಿಸಿ ಕಂಪ್ಯೂಟರಿನ ಮೆಮೊರಿಗೆ ತಂದಾಗ ಅದು 72 ಎಂಬಿ. ಪರದೆಯ ಮೇಲೆ ಇನ್ನೂರು ಚಿತ್ರ ಕಾಣಬೇಕಾದರೆ 14 ಜಿಬಿಗೂ ಹೆಚ್ಚು. ಯಾವ ತಂತ್ರಾಂಶವೂ ಹೀಗೆ ಮಾಡುವುದಿಲ್ಲ. 256 ಚುಕ್ಕಿ ಅಗಲದ ಪುಟ್ಟ ಪ್ರತಿ, ಅಂದರೆ ಥಂಬ್‌ನೇಲ್ ಒಂದನ್ನು ಒಮ್ಮೆ ತಯಾರಿಸಿ ತನ್ನ ಉಗ್ರಾಣದಲ್ಲಿಟ್ಟುಕೊಳ್ಳುತ್ತದೆ. ಬಿಡಿಸಿದಾಗಲೂ ಅದು ಸುಮಾರು 130 ಕೆಬಿ ಅಷ್ಟೆ. ಇನ್ನೂರಕ್ಕೆ 26 ಎಂಬಿ. ಹಳೆಯ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪ್ರತಿ ಫೋಲ್ಡರಿನಲ್ಲೂ ಅಡಗಿರುತ್ತಿದ್ದ ‘ಥಂಬ್ಸ್ ಡಾಟ್ ಡಿಬಿ’ ಎಂಬ ಫೈಲನ್ನು ವೈರಸ್ ಎಂದು ಅಳಿಸುತ್ತಿದ್ದವರನ್ನು ಬಲ್ಲೆ. ಪಾಪ, ಅದು ಇದೇ ಉಗ್ರಾಣ.

ಥಂಬ್‌ನೇಲ್ ತಯಾರಿಸುವಾಗಲೂ ಒಂದು ಜಾಣತನವಿದೆ. ಜೆಪೆಗ್ ಚಿತ್ರವನ್ನು ಎಂಟಕ್ಕೆಂಟು ಚುಕ್ಕಿಗಳ ಚೌಕಗಳಾಗಿ ಕಟ್ಟಿರುತ್ತಾರೆ. ಪ್ರತಿ ಚೌಕಕ್ಕೂ ಸರಾಸರಿ ಬಣ್ಣ ಹೇಳುವ ಒಂದು ಸಂಖ್ಯೆ ಮೊದಲು, ಸೂಕ್ಷ್ಮ ವಿವರಗಳು ಆಮೇಲೆ. ತಂತ್ರಾಂಶಕ್ಕೆ ಚಿಕ್ಕ ಚಿತ್ರ ಸಾಕಿದ್ದರೆ ಆ ಮೊದಲ ಸಂಖ್ಯೆಯನ್ನಷ್ಟೇ ಹಿಡಿದು ಎಂಟನೇ ಒಂದು ಅಳತೆಯ ಚಿತ್ರ ಬಿಡಿಸಬಹುದು. 6000ದ ಬದಲು 750. ಸಾಲದ್ದಕ್ಕೆ ಕ್ಯಾಮೆರಾಗಳು ಫೈಲಿನೊಳಗೇ ಪುಟ್ಟ ಮಾದರಿ ಚಿತ್ರವೊಂದನ್ನು ಇಟ್ಟಿರುತ್ತವೆ. ಹೀಗಾಗಿ ಮೊದಲ ಸಲ ತೆರೆದಾಗ ಫ್ಯಾನ್ ಜೋರಾಗಿ ತಿರುಗಿ ನಿಧಾನವಾಗುವ ತಂತ್ರಾಂಶ, ಎರಡನೆಯ ಸಲಕ್ಕೆ ಬೆಣ್ಣೆಯಂತೆ ಜಾರುತ್ತದೆ. ಮೊದಲ ದಿನದ ನಿಧಾನ ನೋಡಿ ಬೈದು ತೆಗೆದುಹಾಕಬೇಡಿ. ರಾತ್ರಿ ಬಿಟ್ಟು ಮಲಗಿ.

ಇನ್ನು ದಿನಾಂಕ. ಕಾಳಿ ಕಳೆದುಹೋಗಿದ್ದಕ್ಕೆ ದೊಡ್ಡ ಕಾರಣ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಂದು ಫೋಟೊಗೆ ಕಡಿಮೆಯೆಂದರೂ ಮೂರು ದಿನಾಂಕಗಳಿರುತ್ತವೆ. ಎರಡನ್ನು ಕಂಪ್ಯೂಟರ್ ಕೊಡುತ್ತದೆ: ಈ ಡಿಸ್ಕಿನಲ್ಲಿ ಫೈಲು ಹುಟ್ಟಿದ್ದು, ಕೊನೆಯ ಸಲ ಬದಲಾದದ್ದು. ಪೆನ್‌ಡ್ರೈವಿನಿಂದ ನಕಲು ಮಾಡಿದರೆ ವಿಂಡೋಸ್‌ನಲ್ಲಿ ‘ಹುಟ್ಟಿದ’ ದಿನ ಇವತ್ತಿನದಾಗಿಬಿಡುತ್ತದೆ, ‘ಬದಲಾದ’ ದಿನ ಹಳೆಯದೇ ಉಳಿಯುತ್ತದೆ. ಅಂದರೆ ಹುಟ್ಟುವ ಮೊದಲೇ ಬದಲಾದ ಫೈಲು! ಮೂರನೆಯದು ಕ್ಯಾಮೆರಾ ತಾನೇ ಚಿತ್ರದೊಳಗೆ ಬರೆಯುವ ದಿನಾಂಕ. ಅದು ಎಕ್ಸಿಫ್ ಎಂಬ ಪಟ್ಟಿಯಲ್ಲಿರುತ್ತದೆ. ಲೆನ್ಸು, ಷಟರ್ ವೇಗ, ಕ್ಯಾಮೆರಾ ಹಿಡಿದದ್ದು ಅಡ್ಡಲಾಗಿಯೋ ನೆಟ್ಟಗೋ, ಮೊಬೈಲಾದರೆ ಅಕ್ಷಾಂಶ ರೇಖಾಂಶ ಎಲ್ಲವೂ ಅಲ್ಲೇ. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ಮಾನಕವನ್ನು ಇವತ್ತಿನ ಮೊಬೈಲುಗಳೂ ಪಾಲಿಸುತ್ತವೆ. ಹುಡುಕುವುದಿದ್ದರೆ, ಜೋಡಿಸುವುದಿದ್ದರೆ ಈ ಮೂರನೆಯ ದಿನಾಂಕವನ್ನೇ ಹಿಡಿಯಬೇಕು.

ಆದರೆ ಕ್ಯಾಮೆರಾದ ಗಡಿಯಾರವೇ ತಪ್ಪಿದ್ದರೆ? ನನ್ನ ಹಳೆಯ ಕ್ಯಾಮೆರಾದ ಬ್ಯಾಟರಿ ವಾರಗಟ್ಟಲೆ ಖಾಲಿ ಬಿದ್ದಿದ್ದು, ಗೃಹಪ್ರವೇಶದ ನಸುಕಿನಲ್ಲಿ ಚಾರ್ಜ್ ಮಾಡಿ ಹಾಕಿದಾಗ ಅದರ ಕಾಲ 2008ರ ಜನವರಿ 1ಕ್ಕೆ ಹಿಂದೆ ಸರಿದಿತ್ತು. ನಾನು ಗಮನಿಸಲಿಲ್ಲ. ನಿಜವಾದ ದಿನ 2011ರ ಫೆಬ್ರುವರಿಯದು. ಇದನ್ನು ಸರಿಪಡಿಸಲು ಒಂದು ಚಿತ್ರದ ನಿಜವಾದ ಹೊತ್ತು ತಿಳಿದರೂ ಸಾಕು, ಉಳಿದವೆಲ್ಲ ಅಷ್ಟೇ ಅಂತರ ಮುಂದೆ ಸರಿಯುತ್ತವೆ. ಅಕ್ಕನ ಬೀರುವಿನಲ್ಲಿ ಆಹ್ವಾನ ಪತ್ರಿಕೆ ಸಿಕ್ಕಿತು: ಮುಹೂರ್ತ ಬೆಳಗ್ಗೆ 5 ಗಂಟೆ 45 ನಿಮಿಷ. ಹಸು ಹೊಸಿಲು ದಾಟುತ್ತಿರುವ ಚಿತ್ರಕ್ಕೆ ಕ್ಯಾಮೆರಾ ಕೊಟ್ಟ ಹೊತ್ತು 00:14. ಪುರೋಹಿತರು ಮುಹೂರ್ತ ಮೀರಲು ಬಿಡುವವರಲ್ಲ, ಆದ್ದರಿಂದ ಹಸುವಿನ ಕಾಲು ಒಳಗೆ ಬಿದ್ದದ್ದು 5:45ಕ್ಕೇ ಎಂದು ನಂಬಿದೆ. ಅಂತರ ಇಷ್ಟು ವರ್ಷ, ಇಷ್ಟು ದಿನ, ಮತ್ತು ಐದು ಗಂಟೆ 31 ನಿಮಿಷ. ಆ ಫೋಲ್ಡರಿನ ಚಿತ್ರಗಳನ್ನೆಲ್ಲ ಆರಿಸಿ, ದಿನಾಂಕ ಹೊಂದಿಸುವ ಸಲಕರಣೆಯಲ್ಲಿ ಅದನ್ನೇ ಕೂಡಿಸಿದೆ. 9:50 ಎಂದಿದ್ದ ಕಾಳಿ ಮಧ್ಯಾಹ್ನ 3:21ಕ್ಕೆ ಬಂದು ನಿಂತಳು. ಮದುವೆಯಲ್ಲಿ ಇಬ್ಬರು ಬೇರೆ ಬೇರೆ ಕ್ಯಾಮೆರಾದಲ್ಲಿ ತೆಗೆದಾಗಲೂ ಇದೇ ಉಪಾಯ. ಮಾಂಗಲ್ಯಧಾರಣೆಯ ಕ್ಷಣ ಇಬ್ಬರಲ್ಲೂ ಇದ್ದೇ ಇರುತ್ತದೆ. ಎರಡರ ಹೊತ್ತಿನ ವ್ಯತ್ಯಾಸ ಕಳೆದರೆ ಚಿತ್ರಗಳು ಹಲ್ಲಿಗೆ ಹಲ್ಲು ಕೂರುತ್ತವೆ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದೇ ಕಳುಹಿಸಿದ ಚಿತ್ರದಲ್ಲಿ ಈ ಎಕ್ಸಿಫ್ ವಿವರ ಉಳಿಯುವುದಿಲ್ಲ, ಗಾತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಉಳಿಯುತ್ತದೆ. ನೆಂಟರಿಂದ ಚಿತ್ರ ತರಿಸಿಕೊಳ್ಳುವಾಗ ಇದೊಂದು ಮಾತು ಹೇಳಿದರೆ ಮುಂದಿನ ತಲೆನೋವು ತಪ್ಪುತ್ತದೆ.

ಫೈಲಿನ ಹೆಸರನ್ನು ನೆಚ್ಚಬೇಡಿ. ಕ್ಯಾಮೆರಾಗಳು ಪಾಲಿಸುವ ನಿಯಮದಲ್ಲಿ ಹೆಸರಿಗೆ ನಾಲ್ಕು ಅಕ್ಷರ, ನಾಲ್ಕು ಅಂಕಿ. 9999 ಮುಗಿದ ಮೇಲೆ ಮತ್ತೆ 0001. ಎರಡು ಕ್ಯಾಮೆರಾ ಇದ್ದರಂತೂ ಒಂದೇ ಹೆಸರಿನ ಎರಡು ಚಿತ್ರ ಸಿಗುವುದು ಖಂಡಿತ. ಒಂದೇ ಫೋಲ್ಡರಿಗೆ ಸುರಿಯುವಾಗ ‘ಬದಲಿಸಲೇ?’ ಎಂದು ಕಂಪ್ಯೂಟರ್ ಕೇಳಿದಾಗ ಅರೆನಿದ್ದೆಯಲ್ಲಿ ಹೌದೆಂದರೆ ಒಂದು ಹೋಯಿತು. ಆದ್ದರಿಂದ ಕಾರ್ಡಿನಿಂದ ಇಳಿಸುವಾಗಲೇ ತೆಗೆದ ದಿನಾಂಕ, ಹೊತ್ತು ಸೇರಿಸಿ ಹೆಸರು ಬದಲಿಸುವಂತೆ ತಂತ್ರಾಂಶಕ್ಕೆ ಹೇಳಿಡುತ್ತೇನೆ. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ನಾವು ಬಾಯಲ್ಲಿ ಹೇಳುವಂತೆ 15-08-2019 ಎಂದು ದಿನವನ್ನು ಮುಂದಿಟ್ಟರೆ ಎಲ್ಲ ವರ್ಷಗಳ ಹದಿನೈದನೇ ತಾರೀಖುಗಳು ಒಟ್ಟಿಗೆ ಕೂತು ಹರಟುತ್ತವೆ.

ಫೋಲ್ಡರುಗಳ ಬಗ್ಗೆ ನನ್ನ ನಿಲುವು ಈಗ ಬಹಳ ಸರಳ. ಫೋಲ್ಡರ್ ಒಂದೇ ಪ್ರಶ್ನೆಗೆ ಉತ್ತರ ಹೇಳಲಿ: ಯಾವಾಗ. ‘2011’, ಅದರೊಳಗೆ ‘2011-02 ಅಕ್ಕನ ಮನೆ ಗೃಹಪ್ರವೇಶ’. ಅಷ್ಟೆ. ಎಲ್ಲಿ, ಯಾರು, ಏನು ಎಂಬ ಉಳಿದ ಪ್ರಶ್ನೆಗಳೆಲ್ಲ ಟ್ಯಾಗುಗಳ, ಅಂದರೆ ಚಿತ್ರಕ್ಕೆ ಅಂಟಿಸುವ ಗುರುತಿನ ಪದಗಳ ಪಾಲು. ಒಂದು ಚಿತ್ರಕ್ಕೆ ಎಷ್ಟು ಟ್ಯಾಗನ್ನಾದರೂ ಅಂಟಿಸಬಹುದು, ಟ್ಯಾಗಿನೊಳಗೆ ಟ್ಯಾಗನ್ನೂ ಇಡಬಹುದು: ಸ್ಥಳ, ಅದರೊಳಗೆ ಹಾಸನ ಜಿಲ್ಲೆ, ಅದರೊಳಗೆ ಬೇಲೂರು. ಬೇಲೂರಿನ ಟ್ಯಾಗ್ ಕೊಟ್ಟರೆ ಹಾಸನ ಜಿಲ್ಲೆಯನ್ನು ಕೇಳಿದಾಗಲೂ ಅದು ಬರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಗೆಳೆಯರೊಬ್ಬರು ಮೂರೂ ಕಡೆಯ ಹೊರಗೋಡೆಯ ಆನೆಸಾಲು ಬೇಕೆಂದು ಕೇಳಿದರು. ಮೂರು ಊರು, ಒಂದು ‘ಆನೆಸಾಲು’, ಚೆನ್ನಾಗಿದೆಯೆಂದು ನಾನು ಕೊಟ್ಟಿದ್ದ ನಕ್ಷತ್ರಗಳಲ್ಲಿ ನಾಲ್ಕಕ್ಕಿಂತ ಮೇಲಿನವು. ಕಾಫಿ ಆರುವ ಮೊದಲು ಕಳುಹಿಸಿದೆ. ಆ ಚಿತ್ರಗಳು ಹನ್ನೊಂದು ಬೇರೆ ಬೇರೆ ಫೋಲ್ಡರುಗಳಲ್ಲಿದ್ದವು.

ಟ್ಯಾಗುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ, ಆದರೆ ಅಲ್ಲಿ ಕೆಲವು ತೊಡಕುಗಳಿವೆ. ‘ಹಳೇಬೀಡು’ ಎಂದೊಮ್ಮೆ, ‘ಹಳೆಬೀಡು’ ಎಂದೊಮ್ಮೆ ಬರೆದರೆ ತಂತ್ರಾಂಶಕ್ಕೆ ಅವು ಎರಡು ಊರು. ಇದು ಕಣ್ಣಿಗೆ ಕಾಣುವ ತಪ್ಪು, ಕಾಣದ್ದೂ ಇದೆ. ‘ಸಕಲೇಶ್‌ಪುರ’ ಎಂದು ಬರೆಯುವವರು ಅರ್ಧಾಕ್ಷರ ಒತ್ತಾಗದಿರಲೆಂದು ನಡುವೆ ಅಗೋಚರ ಅಕ್ಷರವೊಂದನ್ನು ಒತ್ತಿರುತ್ತಾರೆ, ಹುಡುಕುವಾಗ ಅದನ್ನು ಒತ್ತದಿದ್ದರೆ ಸಿಗದೆ ಹೋಗಬಹುದು. ‘ಬೇಲೂರು’ ಎಂಬುದರ ದೀರ್ಘ ಏತ್ವ, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ, ಒಂದೇ ಸಂಕೇತವಾಗಿಯೂ ಇರಬಹುದು, ಹ್ರಸ್ವ ಎತ್ವಕ್ಕೆ ದೀರ್ಘದ ಚಿಹ್ನೆ ಸೇರಿಸಿದ ಎರಡು ಸಂಕೇತಗಳಾಗಿಯೂ ಇರಬಹುದು. ಹಳೆಯ ಮ್ಯಾಕ್ ಡಿಸ್ಕುಗಳು ಫೋಲ್ಡರಿನ ಹೆಸರನ್ನು ಎರಡನೆಯ ರೀತಿಯಲ್ಲೇ ಬಿಡಿಸಿ ಇಟ್ಟುಕೊಳ್ಳುತ್ತಿದ್ದವು. ಪರದೆಯ ಮೇಲೆ ಎರಡೂ ಅವಳಿಗಳಂತೆ ಕಾಣುತ್ತವೆ. ಯೂನಿಕೋಡಿಗೆ ಮೊದಲಿನ ನುಡಿ ಫಾಂಟಿನಲ್ಲಿ ಬರೆದ ಶೀರ್ಷಿಕೆಗಳಂತೂ ಈಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪರಿಹಾರ ಒಂದೇ: ಟ್ಯಾಗನ್ನು ಪ್ರತಿಸಲ ಹೊಸದಾಗಿ ಟೈಪ್ ಮಾಡದೆ, ಒಮ್ಮೆ ಸೃಷ್ಟಿಸಿದ ಪಟ್ಟಿಯಿಂದಲೇ ಆರಿಸುವುದು.

ಇನ್ನೊಂದು ಮಿತಿ ನನ್ನನ್ನು ಬಹಳ ಕಾಲ ಗೊಂದಲಕ್ಕೆ ತಳ್ಳಿತ್ತು. ಚಿತ್ರದೊಳಗೆ ಟ್ಯಾಗ್ ಬರೆಯಲು ಐಪಿಟಿಸಿ ಎಂಬ ಹಳೆಯ ಮಾನಕವೊಂದಿದೆ, ಸುದ್ದಿಸಂಸ್ಥೆಗಳಿಗೆಂದು ಹುಟ್ಟಿದ್ದು. ಅದರಲ್ಲಿ ಒಂದು ಕೀಲಿಪದಕ್ಕೆ 64 ಬೈಟ್ ಮಾತ್ರ ಜಾಗ. ಇಂಗ್ಲಿಷಿನಲ್ಲಿ 64 ಅಕ್ಷರ ಎಂದರೆ ಧಾರಾಳ. ಕನ್ನಡದಲ್ಲಿ ಒಂದೊಂದು ವ್ಯಂಜನಕ್ಕೂ, ಕೊಂಬಿಗೂ, ಇಳಿಗೂ ಮೂರು ಮೂರು ಬೈಟ್. ‘ದೊಡ್ಡಗದ್ದವಳ್ಳಿ’ ಒಂದೇ 42 ಬೈಟ್ ನುಂಗುತ್ತದೆ. ‘ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ದೇವಾಲಯ’ ಎಂದು ಬರೆದರೆ 95. ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ತಂತ್ರಾಂಶದಲ್ಲಿ ಅದು ಸರಿಯಾಗಿ ‘ದೊಡ್ಡಗದ್ದವಳ್ಳಿ ಲಕ್ಷ್ಮೀ’ಗೆ ತುಂಡಾಗುತ್ತದೆ, ದೇವಿಯೂ ಇಲ್ಲ, ದೇವಾಲಯವೂ ಇಲ್ಲ. 2001ರಲ್ಲಿ ಅಡೋಬಿ ತಂದ ಎಕ್ಸ್‌ಎಂಪಿ ಎಂಬ ಹೊಸ ರೂಪದಲ್ಲಿ ಈ ಕಟ್ಟುಪಾಡಿಲ್ಲ. ಹಾಗಿದ್ದರೂ ನಾನು ಟ್ಯಾಗುಗಳನ್ನು ಗಿಡ್ಡವಾಗಿಯೇ ಇಡುತ್ತೇನೆ.

ಈಗ ಎದ್ದು ನಡೆಯುವ ಜಮೀನಿನ ವಿಷಯ. ನೀವು ಕೊಟ್ಟ ಟ್ಯಾಗುಗಳು ಮೊದಲು ಹೋಗಿ ಕೂರುವುದು ತಂತ್ರಾಂಶದ ಡೇಟಾಬೇಸಿನಲ್ಲಿ. ತಂತ್ರಾಂಶವನ್ನು ಮುಚ್ಚಿ, ವಿಂಡೋಸ್ ಎಕ್ಸ್‌ಪ್ಲೋರರಿನಲ್ಲಿ ಫೋಲ್ಡರನ್ನು ಬೇರೆ ಡಿಸ್ಕಿಗೆ ಎಳೆದು ಹಾಕಿದರೆ ಪಹಣಿಯಲ್ಲಿ ಹಳೆಯ ವಿಳಾಸವೇ ಉಳಿಯುತ್ತದೆ. ಲೈಟ್‌ರೂಮ್ ಆದರೆ ಫೈಲು ಕಾಣೆಯಾಗಿದೆ ಎಂಬ ಗುರುತು ತೋರಿಸುತ್ತದೆ, ಎಲ್ಲಿದೆಯೆಂದು ನೀವೇ ತೋರಿಸಿಕೊಡಬೇಕು. ಡಿಜಿಕ್ಯಾಮ್ ಪ್ರತಿ ಫೈಲಿಗೂ ಬೆರಳಚ್ಚಿನಂಥ ಸಂಖ್ಯೆಯೊಂದನ್ನು ಲೆಕ್ಕಹಾಕಿ ಇಟ್ಟುಕೊಂಡು, ಜಾಗ ಬದಲಿಸಿದ ಚಿತ್ರವನ್ನು ಗುರುತು ಹಿಡಿಯಲು ಪ್ರಯತ್ನಿಸುತ್ತದೆ. ಆದರೂ ಸ್ಥಳಾಂತರ, ಮರುನಾಮಕರಣ ಎಲ್ಲವನ್ನೂ ತಂತ್ರಾಂಶದ ಒಳಗಿನಿಂದಲೇ ಮಾಡುವುದು ಕ್ಷೇಮ.

ತಂತ್ರಾಂಶವೇ ನಿಂತುಹೋದರೆ? ಪಿಕಾಸವನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಅದರಲ್ಲಿ ಕಟ್ಟಿದ ‘ಆಲ್ಬಮ್’ಗಳು ಡಿಸ್ಕಿನ ಮೇಲಿನ ಫೋಲ್ಡರುಗಳಲ್ಲ, ಅದರ ಸ್ವಂತ ದಾಖಲೆಯಲ್ಲಿದ್ದ ಪಟ್ಟಿಗಳು. ಬೇರೆ ತಂತ್ರಾಂಶಕ್ಕೆ ಹೋದವರ ಜೊತೆ ಅವು ತಾವಾಗಿ ಬರುವಂತಿರಲಿಲ್ಲ. ಆದ್ದರಿಂದ ಸೆಟ್ಟಿಂಗ್ಸ್‌ಗೆ ಹೋಗಿ, ಟ್ಯಾಗು, ಶೀರ್ಷಿಕೆ, ನಕ್ಷತ್ರಗಳನ್ನು ಚಿತ್ರದೊಳಗೂ ಬರೆ ಎಂಬ ಆಯ್ಕೆಗೆ ಗುರುತು ಹಾಕಿ. ಆಗ ಪಹಣಿಯ ಒಂದು ಪ್ರತಿ ಜಮೀನಿನಲ್ಲೇ ಹೂತಿಟ್ಟಂತೆ. ನಾಳೆ ಯಾವ ತಂತ್ರಾಂಶ ಬಂದರೂ ಅಗೆದು ಓದಿಕೊಳ್ಳುತ್ತದೆ. ಕ್ಯಾಮೆರಾದ ಕಚ್ಚಾ ಫೈಲುಗಳನ್ನು ಮುಟ್ಟಲು ಭಯವಿದ್ದರೆ ಪಕ್ಕದಲ್ಲಿ ಎಕ್ಸ್‌ಎಂಪಿ ರೂಪದ ಜೊತೆಗಾರ ಫೈಲೊಂದನ್ನು ಬರೆಯಿಸಬಹುದು. ಚಿತ್ರವನ್ನು ಸಾಗಿಸುವಾಗ ಅದನ್ನು ಮರೆತು ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು, ಅಷ್ಟೆ.

ನಕಲುಗಳನ್ನು ಹುಡುಕಿ ಅಳಿಸುವ ಸೌಲಭ್ಯ ಎಲ್ಲರಿಗೂ ಪ್ರಿಯ. ಅದರಲ್ಲೂ ಎರಡು ಬಗೆ. ಒಂದು ಬೈಟೂ ಬಿಡದೆ ಒಂದೇ ಆಗಿರುವ ಫೈಲುಗಳನ್ನು ಹಿಡಿಯುವುದು. ಇದರಲ್ಲಿ ಅಪಾಯ ಕಡಿಮೆ. ‘ಹೆಚ್ಚುಕಡಿಮೆ ಒಂದೇ ಥರ’ ಕಾಣುವುದನ್ನು ಹಿಡಿಯುವುದು ಇನ್ನೊಂದು. ಇದಕ್ಕೆ ಹಳೇಬೀಡಿನ ಆನೆಸಾಲು ಕೊಟ್ಟು ನೋಡಿ, ಪಕ್ಕಪಕ್ಕದ ಆನೆಗಳೆಲ್ಲ ಒಂದೇ ಆನೆ ಎನ್ನುತ್ತದೆ. ಮುಖ ಗುರುತಿಸುವ ಸೌಲಭ್ಯವೂ ಅಂಥದ್ದೇ. ನಮ್ಮ ಮನೆಯವರನ್ನು ಚೆನ್ನಾಗಿ ಹಿಡಿಯಿತು, ನಂತರ ಉತ್ಸಾಹ ಹೆಚ್ಚಾಗಿ ಬೇಲೂರಿನ ಮದನಿಕೆಯೊಬ್ಬಳನ್ನು ತೋರಿಸಿ ಇವರು ನಿಮ್ಮ ದೊಡ್ಡಮ್ಮನೇ ಎಂದು ಕೇಳಿತು. ದೊಡ್ಡಮ್ಮನಿಗೆ ಹೇಳಿದೆ. ಅವರು ಬೇಡವೆನ್ನಲಿಲ್ಲ.

ಒಂದು ಎಚ್ಚರಿಕೆ: ಹತ್ತು ಟ್ಯಾಗಿನಡಿ ಒಂದೇ ಚಿತ್ರ ಹತ್ತು ಸಲ ಕಂಡರೂ ಡಿಸ್ಕಿನಲ್ಲಿ ಅದು ಒಂದೇ. ಎಲ್ಲೋ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯಿಂದಲೂ ಹೋಯಿತು. ಟ್ಯಾಗ್ ತೆಗೆಯುವುದೇ ಬೇರೆ, ಫೈಲ್ ಅಳಿಸುವುದೇ ಬೇರೆ. ಬ್ಯಾಕಪ್ ಎಂದರೆ ಇನ್ನೊಂದು ಡಿಸ್ಕು, ಸಾಧ್ಯವಾದರೆ ಇನ್ನೊಂದು ಮನೆ. ಚಿತ್ರಗಳ ಜೊತೆ ಡೇಟಾಬೇಸ್ ಫೈಲನ್ನೂ ನಕಲು ಮಾಡಿಡಿ. ನನ್ನ ಎರಡನೆಯ ಡಿಸ್ಕು ಅಕ್ಕನ ಬೀರುವಿನಲ್ಲಿದೆ, ಆಹ್ವಾನ ಪತ್ರಿಕೆಯ ಪಕ್ಕದಲ್ಲೇ.

ಕಾಳಿಯ ಚಿತ್ರವನ್ನು ನಾನು ಎಲ್ಲಿಗೂ ಸಾಗಿಸಲಿಲ್ಲ. ಅದು ಈಗಲೂ ಗೃಹಪ್ರವೇಶದ ಫೋಲ್ಡರಿನಲ್ಲಿ, ಬಾವನ ಹೋಳಿಗೆಯ ಬೆನ್ನಿಗೇ ಇದೆ. ಅದಕ್ಕೆ ‘ದೊಡ್ಡಗದ್ದವಳ್ಳಿ’, ‘ಕಾಳಿ’, ‘ಭಗ್ನವಾಗುವ ಮೊದಲು’ ಎಂಬ ಮೂರು ಟ್ಯಾಗುಗಳಿವೆ. ಮೂರನೆಯ ಟ್ಯಾಗಿನಡಿ ಸದ್ಯಕ್ಕೆ ಇರುವುದು ಅದೊಂದೇ ಚಿತ್ರ.